ಗೋಳಾಕಾರದ ನಕ್ಷತ್ರಗುಚ್ಛಗಳಲ್ಲಿ ಪೀಳಿಗೆಗಳ ಪ್ರಶ್ನೆ: ಒಂದು ಚಾರಿತ್ರಿಕ ಪರಿಶೀಲನೆ

ಕಾಲನಿರ್ಣಯವು ಚರಿತ್ರಕಾರನೊಬ್ಬನಿಗೇ ಮೀಸಲಾದ ಕಾರ್ಯವಲ್ಲ. ನಕ್ಷತ್ರಗಳ ವಯಸ್ಸನ್ನೂ ಮೂಲವನ್ನೂ ನಿರ್ಧರಿಸಲು ಹೊರಟ ಖಗೋಳಶಾಸ್ತ್ರಜ್ಞನೂ ಆಕರಗಳಿಂದಲೇ ಆರಂಭಿಸಬೇಕು. ಅವನ ಆಕರವಾದರೋ ಬಹುಮಟ್ಟಿಗೆ ಬೆಳಕೊಂದೇ. ಆ ಬೆಳಕನ್ನು ಹಲವು ವರ್ಣಪಟ್ಟಿಗಳಲ್ಲಿ ಬೇರೆ ಬೇರೆಯಾಗಿ ಅಳೆಯುವ ವಿಧಾನಕ್ಕೆ ದ್ಯುತಿಮಾಪನವೆಂದು ಹೆಸರು. ಈ ವಿಧಾನದಿಂದ ಗೋಳಾಕಾರದ ಗುಚ್ಛಗಳ ವಿಷಯದಲ್ಲಿ ಬಹುಕಾಲ ಸಿದ್ಧವೆನಿಸಿದ್ದ ಅಭಿಪ್ರಾಯವೊಂದು ಹೇಗೆ ಸಡಿಲವಾಯಿತು, ಅದರಲ್ಲಿ ನಮ್ಮ ನಾಡಿನ ಪಾಲೆಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಂತಹ ಊರಿನ ಬಯಲಿನಿಂದ, ಮೇ ತಿಂಗಳ ನಡುವೆ, ಚಂದ್ರನಿಲ್ಲದ ರಾತ್ರಿ ಹತ್ತು ಗಂಟೆಯ ಸುಮಾರಿಗೆ, ದಕ್ಷಿಣ ದಿಗಂತದಿಂದ ಸುಮಾರು ಮೂವತ್ತು ಡಿಗ್ರಿ ಮೇಲೆ ನೋಡಿದರೆ ಮಸಕಾದ ಚುಕ್ಕೆಯೊಂದು ಬರಿಗಣ್ಣಿಗೇ ಕಾಣುತ್ತದೆ. ಟಾಲೆಮಿಯು ಇದನ್ನು ನಕ್ಷತ್ರವೆಂದೇ ಎಣಿಸಿದ್ದನು. ೧೬೦೩ರಲ್ಲಿ ಬೇಯರನೂ ಹಾಗೆಯೇ ತಿಳಿದು ಗ್ರೀಕ್ ಅಕ್ಷರವನ್ನು ಕೊಟ್ಟುದರಿಂದ ಒಮೆಗಾ ಸೆಂಟಾರಿ ಎಂಬ ಹೆಸರು ನಿಂತಿತು. ೧೬೭೭ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಹ್ಯಾಲಿಗೆ ಅದು ನಕ್ಷತ್ರವಲ್ಲ, ಮಸಕು ಮೋಡ ಎಂದು ತೋರಿತು. ಗೋಳಾಕಾರದ ಗುಚ್ಛವೆಂದು ೧೮೨೬ರಲ್ಲಿ ಗುರುತಿಸಿದವನು ಡನ್‌ಲಪ್. ಸುಮಾರು ೧೭,೦೦೦ ಜ್ಯೋತಿರ್ವರ್ಷ ದೂರದಲ್ಲಿರುವ ಈ ಗುಚ್ಛದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳಿವೆಯೆಂದು ಅಂದಾಜು.

೧೯೪೪ರಲ್ಲಿ ವಾಲ್ಟರ್ ಬಾಡೆಯು ಮೌಂಟ್ ವಿಲ್ಸನ್ನಿನ ೧೦೦ ಅಂಗುಲದ ದೂರದರ್ಶಕದಲ್ಲಿ, ಯುದ್ಧಕಾಲದ ದೀಪನಿಷೇಧದಿಂದ ದೊರೆತ ಕತ್ತಲೆಯ ಪ್ರಯೋಜನ ಪಡೆದು, ಕೆಂಪು ಬೆಳಕನ್ನು ಗ್ರಹಿಸುವ ಫಲಕಗಳ ಮೇಲೆ ಆಂಡ್ರೊಮೆಡಾ ಗೆಲಾಕ್ಸಿಯ ನಡುಭಾಗದ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಕಂಡನು. ಅವು ಗೋಳಾಕಾರದ ಗುಚ್ಛಗಳ ನಕ್ಷತ್ರಗಳನ್ನೇ ಹೋಲುತ್ತಿದ್ದುವು. ಇದರಿಂದ ನಕ್ಷತ್ರಗಳನ್ನು ಎರಡು ವರ್ಗಗಳಾಗಿ ವಿಂಗಡಿಸಲಾಯಿತು. ಗುಚ್ಛಗಳು ಎರಡನೆಯ ವರ್ಗಕ್ಕೆ ಮಾದರಿಯಾದುವು. ೧೯೫೩ರಲ್ಲಿ ಜಾನ್ಸನ್ ಮತ್ತು ಮಾರ್ಗನ್ನರು ನೇರಳಾತೀತ, ನೀಲಿ, ದೃಶ್ಯ ಎಂಬ ಮೂರು ಪಟ್ಟಿಗಳ ಅಳತೆಯನ್ನು ವ್ಯವಸ್ಥೆಗೊಳಿಸಿದರು. ಅದೇ ವರ್ಷ ಸ್ಯಾಂಡೇಜನು ಎಂ ೩ ಗುಚ್ಛದ ನಕ್ಷತ್ರಗಳ ಬಣ್ಣವನ್ನೂ ಕಾಂತಿಯನ್ನೂ ಒಂದೇ ಚಿತ್ರದಲ್ಲಿ ಗುರುತಿಸಿದಾಗ ಅವು ಅಚ್ಚುಕಟ್ಟಾದ ರೇಖೆಗಳ ಮೇಲೆ ನಿಂತುವು. ಒಂದೇ ಕಾಲದಲ್ಲಿ, ಒಂದೇ ಅನಿಲರಾಶಿಯಿಂದ ಹುಟ್ಟಿದ ನಕ್ಷತ್ರಗಳ ಕೂಟವೇ ಗುಚ್ಛ ಎಂಬ ಮತಕ್ಕೆ ಇದಕ್ಕಿಂತ ಸುಂದರವಾದ ಸಾಕ್ಷ್ಯ ಬೇಕಿರಲಿಲ್ಲ.

ಆದರೆ ಸಾಕ್ಷ್ಯದ ಸೌಂದರ್ಯವು ಅದರ ಪೂರ್ಣತೆಗೆ ಪ್ರಮಾಣವಾಗಲಾರದು. ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ದೇವಾಲಯವು ದೂರದಿಂದ ಕಂಡವರಿಗೆ ಒಂದೇ ಕಟ್ಟಡ; ಒಳಹೊಕ್ಕು ಪರೀಕ್ಷಿಸಿದವರಿಗೆ ಗಂಗ, ಹೊಯ್ಸಳ, ವಿಜಯನಗರ ಕಾಲಗಳ ಕೆಲಸ ಬೇರೆ ಬೇರೆಯಾಗಿ ತೋರುತ್ತದೆ. ಗುಚ್ಛಗಳಲ್ಲಿಯೂ ಇಂತಹ ಸೂಚನೆಗಳು ಬಹು ಹಿಂದೆಯೇ ದೊರೆತಿದ್ದುವು. ಎಂ ೩, ಎಂ ೧೩ ಗುಚ್ಛಗಳಲ್ಲಿ ಭಾರಧಾತುಗಳ ಪ್ರಮಾಣ ಹೆಚ್ಚುಕಡಮೆ ಸಮ. ಆದರೂ ಹೀಲಿಯಮನ್ನು ಉರಿಸುತ್ತಿರುವ ವೃದ್ಧ ನಕ್ಷತ್ರಗಳ 'ಅಡ್ಡ ಶಾಖೆ' ಎರಡರಲ್ಲೂ ಬೇರೆ ಬೇರೆ. ೧೯೬೬ರಲ್ಲಿ ವೂಲಿಯ ಅಳತೆಗಳಲ್ಲಿ ಒಮೆಗಾ ಸೆಂಟಾರಿಯ ಕೆಂಪುದೈತ್ಯಗಳ ರೇಖೆ ಅಗಲವಾಗಿ ಹರಡಿತ್ತು. ೧೯೭೧ರಲ್ಲಿ ಆಸ್‌ಬರ್ನನು ಎಂ ೫, ಎಂ ೧೦ ಗುಚ್ಛಗಳ ಕೆಲವು ನಕ್ಷತ್ರಗಳಲ್ಲಿ ಸಯನೋಜನ್ ಅಧಿಕವಾಗಿರುವುದನ್ನು ಕಂಡನು. ಇವೆಲ್ಲವನ್ನೂ ಅಪವಾದಗಳೆಂದು ಬದಿಗಿರಿಸಿ ಮೂಲಮತವನ್ನು ಮೂರು ದಶಕಗಳಿಗೂ ಮಿಕ್ಕಿ ಉಳಿಸಿಕೊಂಡುದು ವಿಜ್ಞಾನದ ಇತಿಹಾಸದಲ್ಲಿ ಗಮನಾರ್ಹವಾದ ಸಂಗತಿ. ನಮ್ಮ ಶಾಸನಶಾಸ್ತ್ರಕ್ಕೂ ಇಂತಹ ಅಭ್ಯಾಸ ಅಪರಿಚಿತವೇನಲ್ಲ.

೨೦೦೪ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳಿಂದ ಒಮೆಗಾ ಸೆಂಟಾರಿಯ ಪ್ರಧಾನ ಶ್ರೇಣಿಯೇ ಎರಡಾಗಿ ಸೀಳಿದೆಯೆಂದು ಬೆದಿನ್ ಮತ್ತು ಸಂಗಡಿಗರು ಪ್ರಕಟಿಸಿದರು. ಹೆಚ್ಚು ನೀಲಿಯಾದ ಶ್ರೇಣಿಯಲ್ಲಿ ಭಾರಧಾತುಗಳು ಕಡಮೆಯಿರಬೇಕೆಂಬುದು ಸಾಮಾನ್ಯ ನಿಯಮ. ಮರುವರ್ಷ ರೋಹಿತಪರೀಕ್ಷೆಯಿಂದ ತಿಳಿದುದು ಇದಕ್ಕೆ ತೀರ ವಿರುದ್ಧ. ನೀಲಿಯ ಶ್ರೇಣಿಯಲ್ಲಿಯೇ ಅವು ಹೆಚ್ಚು. ಆ ನಕ್ಷತ್ರಗಳಲ್ಲಿ ಹೀಲಿಯಂ ಅತ್ಯಧಿಕವಾಗಿದೆ ಎಂದಲ್ಲದೆ ಬೇರೆ ಸಮಾಧಾನ ಸುಲಭವಾಗಿರಲಿಲ್ಲ. ೨೦೦೭ರಲ್ಲಿ ಎನ್‌ಜಿಸಿ ೨೮೦೮ರಲ್ಲಿ ಮೂರು ಶ್ರೇಣಿಗಳು ಕಂಡುಬಂದುವು.

ಇಲ್ಲಿ ನೇರಳಾತೀತ ಪಟ್ಟಿಗಳ ಮಹತ್ವವನ್ನು ಹೇಳಲೇಬೇಕು. ಆಮ್ಲಜನಕ, ಸಾರಜನಕ, ಇಂಗಾಲಗಳುಳ್ಳ ಅಣುಗಳು ನೇರಳಾತೀತ ಮತ್ತು ನೀಲಿ ಬೆಳಕನ್ನು ಹೀರುತ್ತವೆ. ಸಾರಜನಕ ಹೆಚ್ಚಾಗಿ ಆಮ್ಲಜನಕ ಕಡಮೆಯಾದ ನಕ್ಷತ್ರವು ಒಂದು ಪಟ್ಟಿಯಲ್ಲಿ ಪ್ರಕಾಶಿಸಿ ಪಕ್ಕದ ಪಟ್ಟಿಯಲ್ಲಿ ಮಂಕಾಗುವುದು. ಹಳದಿ, ಕೆಂಪು ಬೆಳಕಿನಲ್ಲಿ ಈ ಭೇದ ಕಾಣದು. ಆದರೆ ೩೦೦ ನ್ಯಾನೊಮೀಟರಿಗಿಂತ ಕಿರಿದಾದ ಅಲೆಗಳನ್ನು ಓಜೋನ್ ಪದರವು ತಡೆಯುವುದರಿಂದ ಆಕಾಶಕ್ಕೆ ಹೋಗದೆ ಅವನ್ನು ಅಳೆಯುವಂತಿಲ್ಲ.

ನಮ್ಮ ನಾಡಿನ ಪಾತ್ರ ಬರುವುದು ಇಲ್ಲಿಯೇ. ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ ಜೋಡಿಸಿ ಪರೀಕ್ಷಿಸಲಾದ ನೇರಳಾತೀತ ದೂರದರ್ಶಕವು ೨೦೧೫ರ ಸೆಪ್ಟೆಂಬರ್ ೨೮ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಶ್ರೀಹರಿಕೋಟೆಯಿಂದ ಮೇಲೇರಿತು. ಸುಮಾರು ೩೮ ಸೆಂಟಿಮೀಟರ್ ವ್ಯಾಸದ ಅವಳಿ ದೂರದರ್ಶಕಗಳು ಇದರಲ್ಲಿವೆ. ಗಾತ್ರದಲ್ಲಿ ಇದು ಹಬಲ್‌ಗೆ ಸಮನಲ್ಲ. ಆದರೆ ಒಂದೇ ನೋಟದಲ್ಲಿ ೨೮ ಕಲೆಗಳಷ್ಟು, ಎಂದರೆ ಹೆಚ್ಚುಕಡಮೆ ಪೂರ್ಣಚಂದ್ರನಷ್ಟು, ಕ್ಷೇತ್ರವನ್ನು ಹಿಡಿಯುತ್ತದೆ. ದೂರ-ನೇರಳಾತೀತದಲ್ಲಿ ಕೆಂಪುದೈತ್ಯಗಳು ಬಹುತೇಕ ಮರೆಯಾಗುವುದರಿಂದ ದಟ್ಟಣೆ ತಗ್ಗಿ, ಬಿಸಿಯಾದ ನಕ್ಷತ್ರಗಳು ಒಂಟಿಯಾಗಿ ದೊರೆಯುತ್ತವೆ. ಹೀಲಿಯಂ ಅಧಿಕವಾದ ನಕ್ಷತ್ರವು ಬೇಗ ವೃದ್ಧಾಪ್ಯಕ್ಕೆ ಬಂದು, ಅಡ್ಡ ಶಾಖೆಯಲ್ಲಿ ಹೆಚ್ಚು ಬಿಸಿಯಾದ ತುದಿಯನ್ನು ಸೇರುತ್ತದೆ. ಆ ತುದಿಯೇ ಈ ಉಪಕರಣದ ಸ್ವಕ್ಷೇತ್ರ. ೨೦೧೭ರಲ್ಲಿ ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಎನ್‌ಜಿಸಿ ೧೮೫೧ರ ಅಡ್ಡ ಶಾಖೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಿದರು. ೨೦೧೯ರಲ್ಲಿ ಎನ್‌ಜಿಸಿ ೫೪೬೬ರ 'ನೀಲಿ ಅಲೆಮಾರಿ' ನಕ್ಷತ್ರವೊಂದಕ್ಕೆ ಬಿಸಿಯಾದ ಶ್ವೇತಕುಬ್ಜದ ಜೊತೆಯಿರುವುದು ಪತ್ತೆಯಾಯಿತು. ೨೦೧೮ರಲ್ಲಿ ಉಪಕರಣದ ಸಮೀಪ-ನೇರಳಾತೀತ ವಿಭಾಗವು ಕೆಲಸ ನಿಲ್ಲಿಸಿದುದು ದೊಡ್ಡ ನಷ್ಟವೇ ಸರಿ. ಆದಾಗ್ಯೂ ೨೦೨೨ರಲ್ಲಿ ಎಂಟು ಗುಚ್ಛಗಳ ದೂರ-ನೇರಳಾತೀತ ಅಳತೆಗಳು ಪ್ರಕಟವಾದುವು.

ಈ ಸಂಶೋಧನೆಯ ಪರಿಭಾಷೆಯ ಬಗ್ಗೆ ಒಂದು ಮಾತು. ಸಾರಜನಕ, ಹೀಲಿಯಂಗಳಲ್ಲಿ ಸಮೃದ್ಧವಾದ ನಕ್ಷತ್ರಗಳನ್ನು 'ಎರಡನೆಯ ಪೀಳಿಗೆ' ಎಂದು ಕರೆಯುವ ರೂಢಿಯಿದೆ. ಮೊದಲ ನಕ್ಷತ್ರಗಳು ಹೊರಚೆಲ್ಲಿದ ದ್ರವ್ಯದಿಂದ ಇವು ಹುಟ್ಟಿದುವೆಂಬುದು ಅದರ ಆಧಾರ. ಆದರೆ ಆ ದ್ರವ್ಯ ಇಷ್ಟು ನಕ್ಷತ್ರಗಳಿಗೆ ಸಾಲದು. ಅನೇಕ ಗುಚ್ಛಗಳಲ್ಲಿ ಎರಡನೆಯ ಪೀಳಿಗೆಯವೆನ್ನುವ ನಕ್ಷತ್ರಗಳದೇ ಬಹುಮತ. ದ್ರವ್ಯವನ್ನು ಒದಗಿಸಿದವು ವೃದ್ಧ ದೈತ್ಯಗಳೋ ವೇಗವಾಗಿ ಸುತ್ತುವ ಭಾರೀ ನಕ್ಷತ್ರಗಳೋ ಎಂಬಲ್ಲಿಯೂ ಒಮ್ಮತವಿಲ್ಲ. ಹುಟ್ಟಿನ ಅಂತರ ಹತ್ತು ಕೋಟಿ ವರ್ಷಗಳಿದ್ದರೂ, ೧,೨೦೦ ಕೋಟಿ ವರ್ಷಗಳ ವಯಸ್ಸಿನಲ್ಲಿ ಅದನ್ನು ನೇರವಾಗಿ ಅಳೆಯುವುದು ದುಸ್ಸಾಧ್ಯ. ದೇವಾಲಯದ ಹಂತಗಳಿಗೆ ಹಿಂದುಮುಂದನ್ನು ಹೇಳುವ ಶಾಸನಗಳೂ ಶೈಲಿಯ ಪರಂಪರೆಯೂ ಉಂಟು. ಇಲ್ಲಿ ದೊರೆತಿರುವುದು ದ್ರವ್ಯದ ಭೇದ, ಕಾಲಕ್ರಮವಾದರೋ ಊಹೆ. ಒಮೆಗಾ ಸೆಂಟಾರಿಯಂತಹ ಅಪೂರ್ವ ಗುಚ್ಛವನ್ನು ಬಿಟ್ಟರೆ, ಉಳಿದವುಗಳ ವಿಷಯದಲ್ಲಿ 'ಪೀಳಿಗೆ' ಎನ್ನುವುದಕ್ಕಿಂತ ಬಾಡೆಯು ಬಳಸಿದ 'ವರ್ಗ' ಎಂಬ ಪದವೇ ಸದ್ಯಕ್ಕೆ ಹೆಚ್ಚು ಯುಕ್ತವೆಂದು ನಮಗೆ ತೋರುತ್ತದೆ.