ಸ್ಪಿನ್–ಯಾಂತ್ರಿಕ ಜೋಡಣೆ: ಇತಿಹಾಸ

ಸ್ಪಿನ್ ಎಲೆಕ್ಟ್ರಾನಿನ ಹುಟ್ಟುಗುಣ. ಅದರಿಂದಲೇ ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ. ಇದನ್ನು ಕಂಪಿಸುವ ಸೂಕ್ಷ್ಮ ಸರಳಿಗೋ ಹರಳಿಗೋ ಬೆಸೆದು, ಒಂದರ ಚಲನೆ ಇನ್ನೊಂದಕ್ಕೆ ಮುಟ್ಟುವಂತೆ ಮಾಡುವುದೇ ಸ್ಪಿನ್–ಯಾಂತ್ರಿಕ ಜೋಡಣೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ ಕೇಳಿದವರಿಗೆ ಇದು ಹೊಸದಲ್ಲ: ಒಂದು ತಂಬೂರಿ ಮೀಟಿದರೆ ಅದೇ ಸ್ವರಕ್ಕೆ ಕೂಡಿಸಿದ ಪಕ್ಕದ ತಂತಿಯೂ ಮಿಡಿಯುತ್ತದೆ.

1915ರಲ್ಲಿ ಐನ್‌ಸ್ಟೈನ್ ಮತ್ತು ಡೆ ಹಾಸ್, ತೂಗುಬಿಟ್ಟ ಕಬ್ಬಿಣದ ಕಡ್ಡಿಯ ಕಾಂತತ್ವವನ್ನು ತಿರುವುಮುರುವು ಮಾಡಿದರೆ ಕಡ್ಡಿಯೇ ತಿರುಚಿಕೊಳ್ಳುತ್ತದೆಂದು ತೋರಿಸಿದರು. ಆ ತಿರುಚುವಿಕೆಯ ಹಿಂದಿದ್ದ ಸ್ಪಿನ್ನಿನ ಕಲ್ಪನೆ ಬಂದದ್ದು 1925ರಲ್ಲಿ. ಕಡ್ಡಿಯಲ್ಲಿ ಎಣಿಸಲಾರದಷ್ಟು ಎಲೆಕ್ಟ್ರಾನುಗಳಿದ್ದವು. ಒಂದನ್ನೇ ಹಿಡಿಯುವ ದಾರಿ ತೆರೆದದ್ದು 1991ರಲ್ಲಿ ಜಾನ್ ಸಿಡಲ್ಸ್ ಮಂಡಿಸಿದ ಉಪಾಯ: ಸ್ಪಿನ್ನಿನ ಕಾಂತಸೆಳೆತ ಸೂಕ್ಷ್ಮ ಸರಳಿನ ಕಂಪನದಲ್ಲಿ ಮೂಡಿಸುವ ಬದಲಾವಣೆಯನ್ನು ಅಳೆಯುವುದು. 2004ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದ ಡ್ಯಾನ್ ರೂಗರ್ ತಂಡ ಅದನ್ನು ಸಾಧಿಸಿತು. ಬರೀ 100 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಸರಳು, ತುದಿಗೆ ಅಯಸ್ಕಾಂತದ ಚೂರು. ಒಂದೊಂದು ಬಿಂದುವಿನ ಅಳತೆಗೆ 13 ತಾಸು.

ಇಂಥ ತಾಳ್ಮೆ ಬೆಂಗಳೂರು ಮೊದಲೇ ಕಂಡಿತ್ತು. 1940ರ ದಶಕದ ಮೊದಲರ್ಧದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್‌ರ ಶಿಷ್ಯೆ ಅನ್ನಾ ಮಣಿ ಮೂವತ್ತಕ್ಕೂ ಹೆಚ್ಚು ವಜ್ರಗಳ ಹೊಳಪನ್ನು ಅಭ್ಯಸಿಸಿದರು. ಹರಳನ್ನು ದ್ರವವಾಯುವಿನ ತಂಪಿನಲ್ಲಿಟ್ಟು, ಅದರ ಮಸುಕು ಬೆಳಕು ಛಾಯಾಫಲಕದ ಮೇಲೆ ಮೂಡಲು 15ರಿಂದ 20 ತಾಸು ಕಾಯಬೇಕಿತ್ತು. ಎಂ.ಎಸ್ಸಿ. ಆಗಿಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಹೊಳಪು ವಜ್ರದ ರಚನೆಯದೇ ಗುಣವೆಂದು ರಾಮನ್ ವಾದಿಸಿದ್ದರು. ಅದರಲ್ಲಿ ಬಹುಪಾಲು ನೈಟ್ರೋಜನ್ ಬೆರಕೆಯದೆಂದು ಮುಂದೆ ಗೊತ್ತಾಯಿತು. ಮಣಿಯವರು ಸ್ಪಿನ್ ಅರಸಿ ಹೊರಟವರಲ್ಲ ನಿಜ. ಆದರೆ ಈ ಕಥೆಗೆ ಬೇಕಾದ ವಜ್ರದ ಬೆಳಕನ್ನು ಅಷ್ಟು ಶ್ರದ್ಧೆಯಿಂದ ಓದಿದವರನ್ನು ಬಿಟ್ಟು ಇತಿಹಾಸ ಬರೆಯುವುದು ಸರಿಯಲ್ಲ.

ಏಕೆಂದರೆ ಇಂದು ಹೆಚ್ಚು ಬಳಕೆಯಲ್ಲಿರುವುದು ಅದೇ ಕುಲದ ಇನ್ನೊಂದು ದೋಷ: ಒಂದು ಇಂಗಾಲದ ಜಾಗದಲ್ಲಿ ನೈಟ್ರೋಜನ್, ಪಕ್ಕದ ಜಾಗ ಖಾಲಿ. ಇದರ ಸ್ಪಿನ್ ಕೋಣೆಯ ಬಿಸುಪಿನಲ್ಲೂ ಕೆಲಸಕ್ಕೆ ಬರುತ್ತದೆ. ಹಸಿರು ಲೇಸರ್ ಬಿಟ್ಟು, ಹೊಮ್ಮುವ ಕೆಂಪು ಬೆಳಕಿನ ಏರಿಳಿತದಿಂದ ಅದರ ಸ್ಥಿತಿ ಓದಬಹುದು. 2011ರಲ್ಲಿ ಗ್ರೆನೋಬಲ್‌ನ ತಂಡ ಇಂಥ ವಜ್ರದ ಕಣವನ್ನು ಸಿಲಿಕಾನ್ ಕಾರ್ಬೈಡ್ ನ್ಯಾನೋತಂತಿಯ ತುದಿಗೆ ಅಂಟಿಸಿತು. ಅಯಸ್ಕಾಂತದ ಬಳಿ ತಂತಿ ತೂಗಿದಂತೆ ಸ್ಪಿನ್ನಿನ ಆವರ್ತನವೂ ತೂಗಿತು. ಮರುವರ್ಷ ಹಾರ್ವರ್ಡ್ ತಂಡ ಒಂದೇ ಸ್ಪಿನ್ನಿನಿಂದ ಸರಳಿನ ಕಂಪನ ಅಳೆಯಿತು. ಅಲ್ಲಿಯವರೆಗೆ ಸ್ಪಿನ್ನಿನದು ಬಹುತೇಕ ಅಳೆಯುವ ಕೆಲಸ. 2020ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು ವಿದ್ಯುತ್ ಬಲೆಯಲ್ಲಿ ತೇಲುವ ವಜ್ರದ ತೂಗಾಟವನ್ನು ಅದರೊಳಗಿನ ಸ್ಪಿನ್ನುಗಳಿಂದಲೇ ತಗ್ಗಿಸಿದರು.