ಸೋಮವಾರ ರಾತ್ರಿ ಬಂದ ನೆಂಟ

2020ರ ಮೇ ತಿಂಗಳು. ಮದುವೆಗೆ 50 ಜನ ಮೀರುವ ಹಾಗಿಲ್ಲ ಅನ್ನುವ ಕೇಂದ್ರದ ಆದೇಶವನ್ನು ನಾನೇ ಬುಲೆಟಿನ್‌ನಲ್ಲಿ ಓದಿದ್ದೆ. ರಾತ್ರಿ ಮನೆಗೆ ಹೋದರೆ ನಮ್ಮಜ್ಜಿ ನಗ್ತಾ ಕೂತಿದ್ದರು. "ಇದೇನು ಹೊಸದೇನೋ ಮಗಾ? ನಮ್ಮ ಕಾಲದಲ್ಲೂ ಸರ್ಕಾರ ಎಲೆ ಎಣಿಸಿತ್ತು" ಅಂದರು.

ನಿಜ. ನಮ್ಮ ಕಾಲದ ಆದೇಶಕ್ಕೆ ಕಾರಣ ವೈರಸ್. ಅಜ್ಜಿಯ ಕಾಲದಲ್ಲಿ ಕಾರಣ ಅಕ್ಕಿ.

1965 ನೆನಪು ಮಾಡಿಕೊಳ್ಳಿ. ಮಳೆ ಕೈಕೊಟ್ಟಿತ್ತು. ಪಾಕಿಸ್ತಾನದ ಜೊತೆ ಯುದ್ಧ. ಹೊಟ್ಟೆಗೆ ಅಮೆರಿಕದಿಂದ ಹಡಗಲ್ಲಿ ಬರುವ ಪಿಎಲ್-480 ಗೋಧಿಯೇ ಗತಿ. ಆ ಗೋಧಿಯನ್ನೂ ಅಧ್ಯಕ್ಷ ಜಾನ್ಸನ್ ಬಿಗಿಹಿಡಿದು, ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು. ಇಂಥ ಹೊತ್ತಲ್ಲಿ ಮನೆಗೆ ನೆಂಟರು ಬಂದರೆ ಏನು ಬಡಿಸೋದು?

ಹಲವು ರಾಜ್ಯಗಳು ಇದಕ್ಕೆ ಕಾನೂನಿನ ಉತ್ತರ ಹುಡುಕಿದವು. ಮದುವೆ, ಔತಣಕ್ಕೆ ಎಷ್ಟು ಜನ ಬರಬೇಕು ಅಂತ ಮಿತಿ ಹಾಕುವ 'ಅತಿಥಿ ನಿಯಂತ್ರಣ ಆದೇಶ'ಗಳು ಬಂದವು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಪ್ರಫುಲ್ಲಚಂದ್ರ ಸೇನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಕ್ಕಳಿಗೆ ಹಾಲು ಸಾಲದು ಅಂತ 1965ರಲ್ಲಿ ಕಲ್ಕತ್ತಾದಲ್ಲಿ ಹಾಲು ಒಡೆದು ಮಾಡುವ ಸಿಹಿಗಳನ್ನೇ ನಿಷೇಧಿಸಿದರು. ಅಂದರೆ ರಸಗುಲ್ಲ ಇಲ್ಲ, ಸಂದೇಶ್ ಇಲ್ಲ! ಬಂಗಾಳಿಯ ಮನೆಗೆ ಬಂದ ನೆಂಟನಿಗೆ ಸಿಹಿ ಕೊಡಬೇಡಿ ಅಂದರೆ ಏನಾಗುತ್ತೆ ಹೇಳಿ? ಜನ ಕುದ್ದುಹೋದರು. 1967ರ ಚುನಾವಣೆಯಲ್ಲಿ ಸೇನ್ ಸೋತರು. ಸೋಲಿಗೆ ಅಕ್ಕಿಯ ಅಭಾವ, ಆಹಾರ ಚಳವಳಿಯೇ ದೊಡ್ಡ ಕಾರಣ. ಆದರೆ ಸಂದೇಶ್ ಸಿಟ್ಟನ್ನೂ ಬಂಗಾಳ ಮರೆತಿರಲಿಲ್ಲ.

1965ರಲ್ಲೇ ದೆಹಲಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಬೇರೆ ದಾರಿ ಹಿಡಿದರು. ಮೊದಲು ತಮ್ಮ ಮನೆಯಲ್ಲೇ ಒಂದು ಸಂಜೆ ಒಲೆ ಹಚ್ಚಬೇಡಿ ಅಂದರು. ಮಕ್ಕಳು ಹಸಿವು ತಡೆದುಕೊಳ್ಳುತ್ತಾರಾ ನೋಡಿದರು. ಆಮೇಲೆ ದೇಶವನ್ನು ಕೇಳಿದರು: ವಾರಕ್ಕೆ ಒಂದು ಹೊತ್ತು ಊಟ ಬಿಡಿ. ಸೋಮವಾರ ಸಂಜೆ ಎಷ್ಟೋ ಹೋಟೆಲ್‌ಗಳು ಬಾಗಿಲು ಹಾಕಿದವು. ಪೊಲೀಸರು ಬಂದು ಹಾಕಿಸಿದ್ದಲ್ಲ.

ಈಗ ಅಜ್ಜಿಯ ಕಥೆಗೆ ಬರ್ತೀನಿ. ತಿಪಟೂರಿನ ಕಡೆ ದಿನಾ ಊಟ ಅಂದರೆ ರಾಗಿಮುದ್ದೆ. ಅನ್ನ ಹಬ್ಬಕ್ಕೆ, ಇಲ್ಲವೇ ನೆಂಟರು ಬಂದರೆ. ಅಜ್ಜ ಮೇಷ್ಟ್ರು, ಶಾಸ್ತ್ರಿ ಹೇಳಿದ ಮೇಲೆ ಮುಗೀತು. ಒಂದು ಸೋಮವಾರ ಕತ್ತಲಾದ ಮೇಲೆ ಅಜ್ಜಿಯ ಅಣ್ಣ ಮಗಳ ಮದುವೆಗೆ ಕರೆಯೋಕೆ ಬಂದರು. ಅಜ್ಜಿ ಜತನ ಮಾಡಿಟ್ಟಿದ್ದ ಎರಡು ಪಾವು ಅಕ್ಕಿ ಮಡಕೆಯಲ್ಲಿತ್ತು. ಅಜ್ಜ "ಇವತ್ತು ಒಲೆ ಹಚ್ಚಬೇಡ" ಅಂದರು. ಭಾವನಿಗೆ ಮಜ್ಜಿಗೆ, ಎರಡು ಬಾಳೆಹಣ್ಣು. ಅಷ್ಟೇ. ಬೆಳಗಿನ ಮೊದಲ ಬಸ್ಸಿಗೆ ಅವರು ಹೊರಟೇಬಿಟ್ಟರು.

"ತವರಿಂದ ಬಂದ ಅಣ್ಣ ನಮ್ಮನೇಲಿ ಬರೀ ಹೊಟ್ಟೇಲಿ ಮಲಗಿದನಲ್ಲೋ" ಅಂತ 55 ವರ್ಷ ಆದಮೇಲೂ ಅಜ್ಜಿಯ ದನಿ ಒಡೆಯಿತು.

"ಅವರಿಗೆ ಬೇಜಾರಾಗಲಿಲ್ವಾ ಅಜ್ಜಿ?"

"ಆಗಿರುತ್ತೆ. ಆದ್ರೆ ಒಂದು ಮಾತು ಅನ್ನಲಿಲ್ಲ. ನಿಮ್ಮಜ್ಜನೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ಅವನು ಕಣ್ಣಾರೆ ನೋಡಿದ್ದನಲ್ಲ."

ಅತಿಥಿ ಸತ್ಕಾರದ ಬಗ್ಗೆ, ಆಡಳಿತದ ಬಗ್ಗೆ ನಾನು ಕೇಳಿರುವ ದೊಡ್ಡ ಮಾತು ಇದು. ಬಡಿಸೋಕೆ ಏನೂ ಇಲ್ಲದ ಮನೆಯನ್ನು ನೆಂಟ ಕ್ಷಮಿಸುತ್ತಾನೆ. ಅವನನ್ನು ಉಪವಾಸ ಮಲಗಿಸಿ ಒಳಗೆ ತಾವು ಉಂಡವರನ್ನು ಕ್ಷಮಿಸಲ್ಲ. ಜನರೂ ಹಾಗೇನೇ. ಕೊರೊನಾ ಹೊತ್ತಲ್ಲಿ ಮದುವೆಯ ಮಿತಿ ಮೀರಿದ ಸುದ್ದಿಗಳನ್ನೂ ನಾನೇ ಓದಿದೆ. ಪ್ರತಿ ಸಲ ಫೋನ್ ಮಾಡಿದವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಸಾರ್, ಈ ರೂಲ್ಸು ನಮಗೆ ಮಾತ್ರಾನಾ?"