ಹೊಯ್ಸಳ ಶಿಲ್ಪವೂ ಛಾಯಾಚಿತ್ರವೂ

1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಇಂದು ಶಿಖರವಿಲ್ಲ. ಗರ್ಭಗೃಹವನ್ನು ಉಳಿಸಿಕೊಳ್ಳುವ ಸಲುವಾಗಿ ಅದನ್ನು 19ನೆಯ ಶತಮಾನದಲ್ಲಿ ಇಳಿಸಿದರು. ರಾಜರು ಕಟ್ಟಿಸಿದ ಗುಡಿಗೂ ಕಾಲದ ಕಾಟ ತಪ್ಪದೆಂದ ಮೇಲೆ, ಅದರ ರೂಪವನ್ನು ಯಾವುದರಲ್ಲಿ ಹಿಡಿದಿಡಬೇಕೆಂಬುದು ವಿಚಾರಾರ್ಹವಾದ ವಿಷಯ. ಫಿಲ್ಮು ಮೇಲೋ ಡಿಜಿಟಲು ಮೇಲೋ ಎಂಬ ಇಂದಿನ ವಾದವು ಹೊಸದೆಂದು ತೋರಿದರೂ ಅದರ ಬೇರು ಹಳೆಯದು.

ಇಂಗ್ಲೆಂಡಿನ ಟಾಲ್ಬಟನು 1841ರಲ್ಲಿ ಕಾಗದದ ನೆಗೆಟಿವನ್ನೂ, ಆರ್ಚರನು 1851ರಲ್ಲಿ ಕೊಲೋಡಿಯನ್ ಲೇಪಿಸಿದ ಗಾಜಿನ ಫಲಕವನ್ನೂ ಬಳಕೆಗೆ ತಂದರು. ಮೇಣ ಹಿಡಿಸಿದ ಕಾಗದವನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ಪ್ರಯಾಣದಲ್ಲಿ ಒಯ್ಯಬಹುದಾಗಿತ್ತು. ಆದರೆ ಕಾಗದದ ನಾರು ಸೂಕ್ಷ್ಮವಾದ ಗೆರೆಗಳನ್ನು ಮಸುಕುಗೊಳಿಸುತ್ತಿತ್ತು. ಗಾಜಿನಲ್ಲಿ ಗೆರೆ ಸ್ಪಷ್ಟವಾಗಿ ಮೂಡುತ್ತಿತ್ತು. ಆದರೆ ಲೇಪವು ಒಣಗುವುದರೊಳಗಾಗಿ ಚಿತ್ರವನ್ನು ತೆಗೆದು ತೊಳೆಯಬೇಕಾದುದರಿಂದ ಡೇರೆ, ನೀರು, ರಸದ್ರವ್ಯಗಳೆಲ್ಲವೂ ಸ್ಥಳದಲ್ಲಿಯೇ ಇರಬೇಕಾಗಿತ್ತು. 1855ರಲ್ಲಿ ಬಿಜಾಪುರ, ಐಹೊಳೆ, ಬಾದಾಮಿಗಳ ಚಿತ್ರಗಳನ್ನು ತೆಗೆದ ಬಿಗ್ಸ್ ಎಂಬ ಸೇನಾಧಿಕಾರಿಯು ಕಾಗದವನ್ನೇ ಆರಿಸಿಕೊಂಡನು.

ಹಳೇಬೀಡಿನ 56 ಚಿತ್ರಗಳನ್ನು ಓಕ್ಲಿ ಎಂಬವನು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರತಂದನು. ಬಿಗ್ಸ್, ಪಿಗೋ, ನೀಲ್ ಇವರ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹದೊಡನೆ 1866ರಲ್ಲಿ ಪ್ರಕಟವಾದುವು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೇಲೂರಿನ ಗುಡಿಯನ್ನು ಕುರಿತು 1919ರಲ್ಲಿ ಸಚಿತ್ರ ಗ್ರಂಥವನ್ನು ಪ್ರಕಟಿಸಿದರು. ಈ ಚಿತ್ರಗಳು ಇಂದಿಗೂ ನೋಡಲು ದೊರೆಯುವುದಕ್ಕೆ ಕಾಗದವಾಗಲಿ ಗಾಜಾಗಲಿ ಮುಖ್ಯ ಕಾರಣವಲ್ಲ. ಅವು ಪ್ರತಿಗಳಾಗಿ, ಸ್ಥಳನಾಮ ವಿವರಣೆಗಳೊಡನೆ, ಹಲವು ಗ್ರಂಥಾಲಯಗಳನ್ನು ಸೇರಿದುದೇ ಕಾರಣ.

ಅನಂತರ ಬಂದ ಫಿಲ್ಮು ಬಹುಕಾಲ ಆಳಿತು. 1975ರಲ್ಲಿ ಕೊಡಾಕ್ ಕಂಪೆನಿಯ ಸ್ಯಾಸನ್ನನು ಡಿಜಿಟಲ್ ಕ್ಯಾಮರವನ್ನು ರಚಿಸಿದನು. ನಮ್ಮ ದೇಶಕ್ಕೆ ಫಿಲ್ಮನ್ನು ಒದಗಿಸುತ್ತಿದ್ದ ಉದಕಮಂಡಲದ ಕಾರ್ಖಾನೆಯೂ ಈಗ ಮುಚ್ಚಿಹೋಗಿದೆ. ಫಿಲ್ಮಿನ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಸಾಕು, ಕಣ್ಣಿಗೇ ಕಾಣುವುದು. ಆದರೆ ಸೆಕೆಗೂ ತೇವಕ್ಕೂ ಸಿಕ್ಕಿದರೆ ಬೂಷ್ಟು ಹಿಡಿದು ಕೆಡುವುದು. ಡಿಜಿಟಲ್ ಚಿತ್ರವನ್ನು ಎಷ್ಟು ಸಲ ನಕಲು ಮಾಡಿದರೂ ಒಂದು ಗೆರೆಯೂ ಮಾಸದು. ಮಂಟಪದ ಮಬ್ಬುಗತ್ತಲೆಯಲ್ಲಿ ತೆಗೆದುದು ಸರಿಯಾಯಿತೇ ಎಂಬುದು ಅಲ್ಲಿಯೇ ತಿಳಿಯುವುದು. ಆದರೆ ಯಂತ್ರವಿಲ್ಲದೆ ಅದನ್ನು ಓದುವಂತಿಲ್ಲ. ಇಟ್ಟ ಸಾಧನವು ಕೆಟ್ಟರೆ ಸಾವಿರ ಚಿತ್ರಗಳು ಒಮ್ಮೆಗೇ ಹೋಗುವುವು. ಒಂದು ಸುರುಳಿಗೆ 36 ಚಿತ್ರಗಳೆಂಬ ಮಿತಿಯು ಕಲಿಸಿದ್ದ ಎಚ್ಚರಿಕೆಯೂ ಇಲ್ಲಿ ಸಡಿಲುವುದು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ನಕ್ಷತ್ರಾಕಾರದ ಮಂಟಪದಿಂದ ಶೋಭಿಸುವ, 1220ರಷ್ಟು ಹಳೆಯದಾದ ಅರಸೀಕೆರೆಯ ಈಶ್ವರ ದೇವಾಲಯವು ಅದರಲ್ಲಿಲ್ಲ. ಲೋಕದ ಕಣ್ಣು ಬೀಳದ ಇಂತಹ ಗುಡಿಗಳಿಗೆ ಸಮೀಪದ ಮನೆಗಳ ಪೆಟ್ಟಿಗೆಯಲ್ಲಿರುವ ಹಳೆಯ ಪಟಗಳೇ ಸಾಕ್ಷಿಯಾದಾವು. ಮದುವೆಯ ಮರುದಿನ ಗುಡಿಯ ಮೆಟ್ಟಿಲ ಮೇಲೆ ನಿಂತ ದಂಪತಿಗಳ ಹಿಂದೆ ಈಗಿಲ್ಲದ ಕಂಬವೊಂದು ಕಂಡರೂ ಕಾಣಬಹುದು.

ಆದಕಾರಣ ಹೇರಳವಾದ ದಾಖಲೆಗೆ ಡಿಜಿಟಲ್ ಚಿತ್ರವೂ, ಆಯ್ದ ಕೆಲವಕ್ಕೆ ಫಿಲ್ಮಾಗಲಿ ಕಾಗದದ ಪ್ರತಿಯಾಗಲಿ ಇರುವುದು ಯುಕ್ತ. ಯಾವುದನ್ನು ಆರಿಸಿದರೂ ಊರು, ಗೋಡೆಯ ದಿಕ್ಕು, ತೇದಿಗಳನ್ನು ಬರೆದು ಎರಡು ಮೂರು ಕಡೆ ಇರಿಸಬೇಕು. ಹೆಸರಿಲ್ಲದ ಪಟವು ಮೊಮ್ಮಕ್ಕಳ ಕಾಲಕ್ಕೆ ಬರಿಯ ಕಲ್ಲಿನ ಚಿತ್ರವಾಗುವುದು.